ಉಲಾಯಿ-ಪಿದಾಯಿಗೆ ಬಹುಮಾನದ ಮುಖವಾಡ

ಕರಾವಳಿಯ ದಿನಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ವರ್ಷವಿಡೀ ಬರುತ್ತಲೇ ಇರುತ್ತದೆ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಗುಡ್ಡದ ಬದಿಯಲ್ಲೋ ಅಡಿಕೆ ತೋಟದ ಮೂಲೆಯಲ್ಲೋ ಉಲಾಯಿ-ಪಿದಾಯಿ ಜುಗಾರಿ ಆಡುತ್ತಿದ್ದ ಏಳೆಂಟು ಮಂದಿಯ ಬಂಧನ. ನಗದು ಇಷ್ಟು, ಇಸ್ಪೀಟು ಎಲೆ 52, ನೆಲಕ್ಕೆ ಹಾಸಿದ್ದ ಹಳೆಯ ದಿನಪತ್ರಿಕೆ, ಎಲ್ಲವೂ ವಶ. ಕರ್ನಾಟಕ ಪೊಲೀಸ್ ಕಾಯ್ದೆಯ 87ನೆಯ ಕಲಮಿನಡಿ ಪ್ರಕರಣ. ಸಿಕ್ಕಿಬಿದ್ದವರು ಕೂಲಿಯವರು, ರಿಕ್ಷಾ ಓಡಿಸುವವರು, ಮೀನು ಮಾರುವವರು. ಅವರ ಹೆಸರು, ವಯಸ್ಸು, ಊರು ಎಲ್ಲವೂ ಅಚ್ಚಾಗುತ್ತವೆ. ಮರುದಿನ ಅವರ ಮಕ್ಕಳು ಶಾಲೆಗೆ ಹೋಗಬೇಕಾಗುತ್ತದೆ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಅವರು ಮಾಡಿದ್ದು ಸರಿ ಎಂದು ನಾವು ಹೇಳುತ್ತಿಲ್ಲ. ಜೂಜು ಗುಡ್ಡದ ಮೇಲೆ ಆಡಿದರೂ ಜೂಜೇ. ನಮ್ಮ ತಕರಾರು ಬೇರೆ. ಅದೇ ಆಟವನ್ನು ಅದೇ 52 ಎಲೆಗಳ ಚಿತ್ರ ಇಟ್ಟುಕೊಂಡು ಮೊಬೈಲಿನಲ್ಲಿ ಆಡಿಸುವವನು ಮಾತ್ರ ಇಷ್ಟು ವರ್ಷ ‘ಉದ್ಯಮಿ’ ಎನಿಸಿಕೊಂಡಿದ್ದ. ಪೊಲೀಸರು ಸಾಕ್ಷ್ಯವಾಗಿ ವಶಪಡಿಸಿಕೊಂಡ ಆ ಹಳೆಯ ದಿನಪತ್ರಿಕೆಯನ್ನು ಬಿಡಿಸಿ ನೋಡಿದ್ದರೆ ಅದರಲ್ಲೇ ಇಸ್ಪೀಟು ಆ್ಯಪ್ ಒಂದರ ಜಾಹೀರಾತು ಸಿಕ್ಕಿರಲೂಬಹುದು. ಪತ್ರಿಕೆ ನಡೆಸುವ ನಮ್ಮಂಥವರಿಗೆ ಇದು ಮುಜುಗರದ ಮಾತು. ಆದರೂ ಹೇಳಲೇಬೇಕು.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ತುಳುವಿನಲ್ಲಿ ಉಲಾಯಿ ಎಂದರೆ ಒಳಗೆ, ಪಿದಾಯಿ ಎಂದರೆ ಹೊರಗೆ. ಬಯಲುಸೀಮೆಯಲ್ಲಿ ಇದೇ ಅಂದರ್-ಬಾಹರ್. ಎಲೆ ಕಲಸಿದವನು ಒಂದು ಎಲೆಯನ್ನು ಮಗುಚಿ ನಡುವೆ ಇಡುತ್ತಾನೆ. ಉಳಿದವರು ಒಳಗೆ ಅಥವಾ ಹೊರಗೆ ಎಂದು ಹಣ ಇಡುತ್ತಾರೆ. ಆಮೇಲೆ ಒಂದು ಎಲೆ ಈ ಕಡೆ, ಒಂದು ಎಲೆ ಆ ಕಡೆ. ನಡುವಿನ ಎಲೆಗೆ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆಯವರು ಗೆದ್ದರು. ಅಷ್ಟೇ. ಇದರಲ್ಲಿ ಕಲಿಯಬೇಕಾದ್ದು, ಯೋಚಿಸಬೇಕಾದ್ದು ಏನೂ ಇಲ್ಲ. ಐದು ವರ್ಷದ ಮಗುವೂ ಆಡಬಹುದು. ಅದರ ಆಕರ್ಷಣೆ ಇರುವುದೂ ಅಲ್ಲಿಯೇ.

ಈ ಆಟವನ್ನು ಮೊಬೈಲಿಗೆ ಇಳಿಸಿದವರು ಅದಕ್ಕೆ ಎರಡು ಅಂಗಿ ತೊಡಿಸಿದ್ದಾರೆ. ಒಂದು ‘ನಮ್ಮ ಸಾಂಪ್ರದಾಯಿಕ ಆಟ’ ಎಂಬ ಅಂಗಿ. ಇನ್ನೊಂದು ‘ಬಹುಮಾನ’ ಎಂಬ ಅಂಗಿ. ದೀಪಾವಳಿಯ ರಾತ್ರಿ, ಮದುವೆ ಮನೆಯ ಜಗಲಿ, ಊರಿನ ಜಾತ್ರೆಯ ಮರೆ, ಇವುಗಳ ನೆನಪನ್ನೆಲ್ಲ ಒಟ್ಟುಗೂಡಿಸಿ ಮಾರುಕಟ್ಟೆಗೆ ಇಟ್ಟಿದ್ದಾರೆ. ಅಜ್ಜ ಆಡುತ್ತಿದ್ದ ಆಟವನ್ನು ಮೊಮ್ಮಗ ಆಡಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಅಜ್ಜ ಆಡುತ್ತಿದ್ದುದೂ ತಪ್ಪೇ ಎಂಬ ಉತ್ತರ ನಮ್ಮಲ್ಲಿದೆ. ಆದರೆ ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಅಜ್ಜನ ಆಟ ಮತ್ತು ಮೊಮ್ಮಗನ ಆಟ ಒಂದೇ ಹೌದೋ ಎಂಬುದನ್ನಷ್ಟೇ ನೋಡೋಣ.

ಗುಡ್ಡದ ಮೇಲಿನ ಆಟದಲ್ಲಿ ಒಬ್ಬ ಸೋತರೆ ಪಕ್ಕದಲ್ಲಿ ಕುಳಿತ ಇನ್ನೊಬ್ಬ ಗೆಲ್ಲುತ್ತಾನೆ. ಆಟ ನಡೆಸುವವನ ಕೈಗೆ ಒಂದಿಷ್ಟು ಪಾಲು ಹೋಗುತ್ತದೆ. ಉಳಿದ ಹಣ ಅದೇ ಊರಿನ ಇನ್ನೊಂದು ಜೇಬಿಗೆ ಸೇರುತ್ತದೆ. ಕತ್ತಲಾದರೆ ಎಲೆ ಕಾಣುವುದಿಲ್ಲ. ಮಳೆ ಬಂದರೆ ಏಳಬೇಕು. ಜೇಬಿನ ನೋಟು ಮುಗಿದರೆ ಸಾಲ ಕೊಡುವ ಗೆಳೆಯನೂ ಒಂದು ಹಂತದಲ್ಲಿ, “ಇವತ್ತಿಗೆ ಸಾಕು ಮಾರಾಯ, ಮನೆಗೆ ನಡಿ” ಎನ್ನುತ್ತಾನೆ. ಮೊಬೈಲಿನಲ್ಲಿ ಕತ್ತಲಿಲ್ಲ, ಮಳೆಯಿಲ್ಲ, ಗೆಳೆಯನೂ ಇಲ್ಲ. ಎದುರಿಗೆ ಕುಳಿತವನು ಮನುಷ್ಯನೇ ಅಲ್ಲ, ಒಂದು ಲೆಕ್ಕ. ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ನಡುವೆ ಒಂದು ಎಲೆ ಇಟ್ಟ ಮೇಲೆ ಉಳಿಯುವುದು 51 ಎಲೆ. ಅದರಲ್ಲಿ ಜೋಡಿಯಾಗಬಲ್ಲವು ಮೂರು. ಮೊದಲ ಎಲೆ ಬೀಳುವ ಕಡೆಗೆ ಸಹಜವಾಗಿಯೇ ಸ್ವಲ್ಪ ಹೆಚ್ಚು ಅವಕಾಶ. ಲೆಕ್ಕ ಹಾಕಿದರೆ ಸಾವಿರ ಆಟಗಳಲ್ಲಿ ಸರಾಸರಿ 515 ಸಲ ಮೊದಲ ಕಡೆಗೆ, 485 ಸಲ ಎರಡನೆಯ ಕಡೆಗೆ ಜೋಡಿ ಬೀಳುತ್ತದೆ. ಹಾಗಾದರೆ ಸದಾ ಮೊದಲ ಕಡೆಗೇ ಹಣ ಇಟ್ಟು ಗೆಲ್ಲಬಹುದಲ್ಲ? ಆಡಿಸುವವನು ಅಷ್ಟು ದಡ್ಡನಲ್ಲ. ಮೊದಲ ಕಡೆ ಗೆದ್ದರೆ 100 ರೂಪಾಯಿಗೆ 90 ಮಾತ್ರ ಕೊಡುವುದು ಆನ್‌ಲೈನಿನಲ್ಲಿ ಸಾಮಾನ್ಯವಾದ ದರ. ಎರಡನೆಯ ಕಡೆಗೆ ಪೂರಾ 100. ಈಗ ಸಾವಿರ ಸಲ ನೂರರಂತೆ ಇಟ್ಟು ನೋಡಿ. ಮೊದಲ ಕಡೆ ಇಟ್ಟವನು 46,350 ಗೆಲ್ಲುತ್ತಾನೆ, 48,500 ಸೋಲುತ್ತಾನೆ. ಕೊರತೆ 2,150. ಎರಡನೆಯ ಕಡೆ ಇಟ್ಟವನಿಗೆ ಕೊರತೆ 3,000. ಒಳಗೆ ಇಟ್ಟರೂ ಸೋಲು, ಹೊರಗೆ ಇಟ್ಟರೂ ಸೋಲು. ಇದರಲ್ಲಿ ಮೋಸ ಇಲ್ಲ ಎಂಬುದನ್ನು ಗಮನಿಸಬೇಕು. ಇದು ಅಪ್ಪಟ ಪ್ರಾಮಾಣಿಕವಾಗಿ ಆಡಿಸಿದರೆ ಆಗುವ ಫಲ. ಯಾವುದೋ ದೇಶದಲ್ಲಿ ಕುಳಿತು, ಯಾರ ತಪಾಸಣೆಗೂ ಸಿಗದೆ, ಕಂಪ್ಯೂಟರಿನ ಎಲೆ ಬೀಳಿಸುವವನು ಪ್ರಾಮಾಣಿಕನಾಗಿಯೇ ಇರುತ್ತಾನೆ ಎಂದು ನಂಬುವವರ ಜೊತೆ ನಮಗೆ ವಾದವಿಲ್ಲ.

ನೂರಕ್ಕೆ ಎರಡು ಮೂರು ರೂಪಾಯಿ ತಾನೆ, ಸಿನಿಮಾ ನೋಡಿದರೆ ಅದಕ್ಕಿಂತ ಹೆಚ್ಚು ಖರ್ಚು ಎನ್ನುತ್ತಾರೆ. ಎಲೆ ಕಲಸಿ, ಹಣ ಎಣಿಸಿ, ಜಗಳಾಡಿ ಗುಡ್ಡದ ಮೇಲೆ ಒಂದು ಆಟ ಮುಗಿಯಲು ಐದು ನಿಮಿಷ ಬೇಕು. ಮೊಬೈಲಿನಲ್ಲಿ ಅರ್ಧ ನಿಮಿಷ ಎಂದಿಟ್ಟುಕೊಳ್ಳೋಣ. ಗಂಟೆಗೆ 120 ಆಟ. ನೂರರಂತೆ 12,000 ರೂಪಾಯಿ ಪಣಕ್ಕೆ ಬೀಳುತ್ತದೆ. ರಾತ್ರಿ ಮೂರು ಗಂಟೆ ಆಡಿದರೆ 36,000. ಅದರಲ್ಲಿ ಎರಡು ಮೂರು ಪಾಲು ಹೋಯಿತೆಂದರೆ ದಿನಕ್ಕೆ ಸುಮಾರು ಎಂಟುನೂರರಿಂದ ಸಾವಿರದ ತನಕ, ತಿಂಗಳಿಗೆ 23,000ದಿಂದ 32,000. ಒಂದು ಸಂಸಾರದ ತಿಂಗಳ ಖರ್ಚು. ಇಷ್ಟೂ ಆಗುವುದು ತಾಳ್ಮೆಯಿಂದ, ನೂರಕ್ಕಿಂತ ಹೆಚ್ಚು ಇಡದೆ ಆಡುವವನಿಗೆ. ಸೋತದ್ದನ್ನು ಮರಳಿ ಪಡೆಯಲು ಇನ್ನೂರು, ನಾನೂರು, ಎಂಟುನೂರು ಎಂದು ಏರಿಸುತ್ತಾ ಹೋಗುವವನ ಲೆಕ್ಕ ಬರೆಯಲು ನಮಗೆ ಮನಸ್ಸು ಬರುವುದಿಲ್ಲ.

ನಮ್ಮ ಪರಿಚಯದ ಒಬ್ಬ ಹುಡುಗನ ವಿಷಯ ಅಂಥದ್ದು. ಗಲ್ಫಿನಿಂದ ಮರಳಿ ಬಂದು ಒಂದು ಸಣ್ಣ ಅಂಗಡಿ ಇಟ್ಟಿದ್ದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊದಿಕೆಯೊಳಗೆ ಆಡುತ್ತಿದ್ದ. ಮೊದಲ ವಾರ ನಾಲ್ಕು ಸಾವಿರ ‘ಬಹುಮಾನ’ ಬಂತು. ಹೆಂಡತಿಗೆ ಸೀರೆ ತಂದ. ಎಂಟು ತಿಂಗಳಲ್ಲಿ ಅವಳ ಸರ ಬ್ಯಾಂಕಿನಲ್ಲಿ ಅಡವಿಗೆ ಬಿತ್ತು. ಆಮೇಲೆ ಬಳೆ. ಆಮೇಲೆ ಮೊಬೈಲಿನಲ್ಲೇ ಸಿಗುವ ಸಾಲ. ಅಂಗಡಿಯಲ್ಲಿ ಸರಕು ಕಡಿಮೆಯಾದಾಗಲೂ ವ್ಯಾಪಾರ ಬಿದ್ದಿದೆ ಎಂದೇ ಮನೆಯವರು ತಿಳಿದಿದ್ದರು. ಅವನ ತಾಯಿ ನಮ್ಮಲ್ಲಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. “ಕುಡಿದಿದ್ದರೆ ವಾಸನೆಯಾದರೂ ಬರುತ್ತಿತ್ತು.”

ಈಗ ‘ಬಹುಮಾನ’ ಎಂಬ ಪದಕ್ಕೆ ಬರೋಣ. ಓಟದಲ್ಲಿ ಗೆದ್ದ ಮಗುವಿಗೆ ಶಾಲೆ ಬಹುಮಾನ ಕೊಡುತ್ತದೆ. ಆ ಹಣ ಸೋತ ಮಕ್ಕಳ ಜೇಬಿನಿಂದ ಬಂದದ್ದಲ್ಲ. ಇಲ್ಲಿ ಹಾಗಲ್ಲ. ಒಬ್ಬನಿಗೆ ಬಂದ ನಾಲ್ಕು ಸಾವಿರ ಇನ್ನಾವುದೋ ಮನೆಯ ಹಾಲಿನ ಹಣ, ಶಾಲೆಯ ಫೀಸು. ಇದನ್ನು ಬಹುಮಾನ ಎಂದು ಕರೆಯುವುದು ಭಾಷೆಗೆ ಮಾಡಿದ ದ್ರೋಹ. ಈ ದ್ರೋಹ ಹೊಸತೂ ಅಲ್ಲ. ಅದಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಐವತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ. ಚಮಾರ್‌ಬಾಗ್ವಾಲಾ ಎಂಬವರು ಬಹುಮಾನದ ಪದಬಂಧ ಸ್ಪರ್ಧೆ ನಡೆಸುತ್ತಿದ್ದರು. ಅದು ಮುಂಬಯಿ ರಾಜ್ಯದಲ್ಲಿ ಭರ್ಜರಿಯಾಗಿ ಹಬ್ಬಿತು. ಅಲ್ಲಿನ ಸರ್ಕಾರ ಕಾನೂನು ತಂದಾಗ ಅವರು ವ್ಯಾಪಾರ ಸ್ವಾತಂತ್ರ್ಯದ ಹೆಸರು ಹೇಳಿ ನ್ಯಾಯಾಲಯದ ಮೆಟ್ಟಿಲೇರಿದರು. 1957ರಲ್ಲಿ ಸುಪ್ರೀಂ ಕೋರ್ಟು, ಜೂಜು ಎಂಬುದು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಎಂದು ಹೇಳಿತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಆ ತೀರ್ಪಿನಲ್ಲಿ ಋಗ್ವೇದದ ಜೂಜುಗಾರನ ಗೋಳನ್ನೂ ಮಹಾಭಾರತವನ್ನೂ ನೆನಪಿಸಿದ್ದಾರೆ. ಜೂಜಿನ ವಿರೋಧ ಮುಸ್ಲಿಮರ ಮಡಿವಂತಿಕೆ ಎಂದು ತಿಳಿದವರು ಆ ತೀರ್ಪನ್ನು ಒಮ್ಮೆ ಓದಬೇಕು. ಧರ್ಮರಾಯ ಸೋತದ್ದು ದಾಳ ಕೆಟ್ಟದಾಗಿ ಬಿದ್ದುದರಿಂದ ಅಷ್ಟೇ ಅಲ್ಲ. ಸಭೆಯೂ ಅವನದಲ್ಲ, ದಾಳವೂ ಅವನದಲ್ಲ, ದುರ್ಯೋಧನನ ಪರವಾಗಿ ದಾಳ ಎಸೆಯಲು ಕುಳಿತಿದ್ದವನು ಶಕುನಿ. ಆ್ಯಪಿನೊಳಗೂ ವ್ಯವಸ್ಥೆ ಇದೇ ತಾನೆ?

1957ರ ನಂತರ ಜೂಜುಗಾರರು ‘ಕೌಶಲ’ ಎಂಬ ಹೊಸ ಬಾಗಿಲು ಕಂಡುಕೊಂಡರು. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ಪೊಲೀಸರು ಹೂಡಿದ ಮೊಕದ್ದಮೆಯಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು, ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆಯನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತೂಗಬೇಕು, ನಿಜ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪಣವಿಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ, ಆಟ ರಮ್ಮಿಯೇ ಆದರೂ ಅಪರಾಧವಾಗಬಹುದು ಎಂದು. ಆನ್‌ಲೈನ್ ಕಂಪನಿಗಳು ಮೊದಲ ಮಾತನ್ನು ವರ್ಷಗಟ್ಟಲೆ ಹೊತ್ತು ಮೆರೆದವು. ಎರಡನೆಯದನ್ನು ನೆನಪಿಸಿದವರು ಕಡಿಮೆ. ಹೀಗೆ ರಮ್ಮಿ ತೆರೆದ ಬಾಗಿಲಿನಲ್ಲಿ ಕೌಶಲದ ಗಂಧವೂ ಇಲ್ಲದ ಅಂದರ್-ಬಾಹರ್ ಹಿಂದಿನಿಂದ ನುಸುಳಿತು. ಆಡುವವನಿಗೆ ಎರಡೂ ಒಂದೇ ಪರದೆ, ಒಂದೇ ಬೆರಳು.

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದ ಆಟಗಳನ್ನೆಲ್ಲ ನಿಷೇಧಿಸಿತು. ಅದು ಜಾರಿಗೆ ಬಂದದ್ದು ಅಕ್ಟೋಬರ್ 5ರಂದು. 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತು. ಆ ತಿದ್ದುಪಡಿಯ ಒಂದು ವಿಶೇಷವನ್ನು ಇಲ್ಲಿ ಹೇಳದೆ ಹೋದರೆ ಅನ್ಯಾಯವಾದೀತು. ಅದರಲ್ಲಿ ಕುದುರೆ ಜೂಜಿಗೆ ವಿನಾಯಿತಿ ಇತ್ತು. ಕೂಲಿಯವನ ಜೂಜು ಅಪರಾಧ, ಬೈನಾಕ್ಯುಲರ್ ಹಿಡಿದವನ ಜೂಜು ಕ್ರೀಡೆ. 

ಕೇಂದ್ರ ಸರ್ಕಾರದ ದಾರಿ ಇನ್ನೂ ಸ್ವಾರಸ್ಯಕರ. 2023ರ ಅಕ್ಟೋಬರ್ 1ರಿಂದ ಅದು ಆಟಗಾರ ಕಟ್ಟುವ ಪೂರ್ಣ ಮೊತ್ತದ ಮೇಲೆ ಶೇ. 28 ಜಿ.ಎಸ್.ಟಿ. ಹಾಕಿತು. ಅಂದರೆ ನಮ್ಮ ಹುಡುಗ ಹೆಂಡತಿಯ ಬಳೆ ಅಡವಿಟ್ಟು ತಂದ ಹಣಕ್ಕೂ ದೇಶದ ಬೊಕ್ಕಸ ಪಾಲು ಕೇಳಿತು. ಎರಡು ವರ್ಷವೂ ತುಂಬುವ ಮೊದಲು ಅದೇ ಸರ್ಕಾರ ಸಂಸತ್ತಿನಲ್ಲಿ ಎದ್ದು, ಇದು ಸಮಾಜಕ್ಕೆ ಪಿಡುಗು ಎಂದಿತು. 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಸರ್ಕಾರದ್ದೇ ಅಂದಾಜು. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಮೂರೇ ದಿನದಲ್ಲಿ ಮುಗಿಯುವ ಕೆಲಸವಾಗಿತ್ತು ಎಂದ ಮೇಲೆ ಇಷ್ಟು ವರ್ಷ ಯಾರಿಗಾಗಿ ಕಾದರು?

ಕಾಯ್ದೆಯನ್ನು ನಾವು ಸ್ವಾಗತಿಸುತ್ತೇವೆ. ಕೌಶಲವೋ ಅದೃಷ್ಟವೋ ಎಂಬ ಕೂದಲು ಸೀಳುವ ವಾದವನ್ನು ಅದು ಬದಿಗಿಟ್ಟಿದೆ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದಾದರೂ ಸರಿ, ಆಡಿಸುವವನಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷ, ಐವತ್ತು ಲಕ್ಷ. ಆಡುವವನಿಗೆ ಶಿಕ್ಷೆ ಇಲ್ಲ. ಗುಡ್ಡದ ಮೇಲಿನ ಆಟಕ್ಕೆ ಇರುವ ಕಾನೂನು ಆಡಿದವನನ್ನು ಹಿಡಿಯುತ್ತದೆ, ಇದು ಆಡಿಸಿದವನನ್ನು ಹಿಡಿಯುತ್ತದೆ. ದಿಕ್ಕು ಸರಿಯಾಗಿದೆ. ಕಂಪನಿಗಳು ಕೋರ್ಟಿಗೆ ಹೋದವು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಆ ಮೊಕದ್ದಮೆಗಳನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ಮುಂದೆ ತರಿಸಿಕೊಂಡಿತು. ಇತ್ತ ದೇಶದೊಳಗಿನ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಆದರೆ ಅಂದರ್-ಬಾಹರ್ ಆಡಿಸುವ ತಾಣಗಳ ಬಹುಪಾಲು ಇರುವುದು ದೇಶದ ಹೊರಗೆ. ಒಂದನ್ನು ಮುಚ್ಚಿಸಿದರೆ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು ಮತ್ತೊಂದು ಹುಟ್ಟುತ್ತದೆ. ಹಣ ಕಟ್ಟಿಸಿಕೊಳ್ಳುವ ಖಾತೆ ಮಾತ್ರ ನಮ್ಮವರದೇ, ತಿಂಗಳಿಗೆ ಇಷ್ಟು ಎಂದು ತನ್ನ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೊಟ್ಟ ಯಾವನೋ ಕಾಲೇಜು ಹುಡುಗನದು. ಕಾಯ್ದೆ ಬಂದ ಕೂಡಲೇ ಎಲ್ಲ ಮುಗಿಯಿತು ಎಂದು ಸುಮ್ಮನಾಗುವ ಸ್ಥಿತಿ ಇಲ್ಲ.

ಇನ್ನು ನಮ್ಮ ಮನೆಯ ಮಾತು. ಜೂಜು ಹರಾಮ್ ಎಂದು ಮದ್ರಸದ ಎರಡನೇ ತರಗತಿಯ ಮಗುವಿಗೂ ಗೊತ್ತು. ಆ ಧೈರ್ಯದಲ್ಲಿ ನಾವು ನಿಶ್ಚಿಂತರಾಗಿದ್ದೇವೆ. ಆದರೆ ಕುರ್‌ಆನ್ ಇದನ್ನು ನಿಷೇಧಿಸಿದ ಬಗೆಯನ್ನು ಎಷ್ಟು ಮಂದಿ ಗಮನಿಸಿದ್ದೇವೆ? ಅಲ್ಲಿ ಬಳಸಿದ ಪದ ‘ಮೈಸಿರ್’. ಅರಬರು ಒಂಟೆಯನ್ನು ಕಡಿದು, ಬಾಣಗಳನ್ನು ಚೀಟಿಯಂತೆ ಎತ್ತಿ, ಮಾಂಸದ ಪಾಲು ನಿರ್ಧರಿಸುತ್ತಿದ್ದ ಜೂಜು ಅದು. ಖಾಲಿ ಬಾಣ ಬಂದವನು ಒಂಟೆಯ ಬೆಲೆ ತೆರಬೇಕು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚುವುದನ್ನು ಹಿರಿಮೆ ಎಂದು ತಿಳಿದಿದ್ದರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಂದರೆ ಅದು ಬರಗಾಲದಲ್ಲಿ ಬಡವರ ಹೊಟ್ಟೆ ತುಂಬಿಸುತ್ತಿದ್ದ ಜೂಜು! ಇಂದಿನ ಜಿ.ಎಸ್.ಟಿ., ಲಾಟರಿಯ ‘ಜನಕಲ್ಯಾಣ’ ಎಲ್ಲಕ್ಕಿಂತ ನೇರವಾದ ಪ್ರಯೋಜನ. ಅಲ್ ಬಕರ ಅಧ್ಯಾಯದ 219ನೆಯ ಸೂಕ್ತ ಆ ಪ್ರಯೋಜನವನ್ನು ಅಲ್ಲಗಳೆಯುವುದಿಲ್ಲ. ಪ್ರಯೋಜನವೂ ಇದೆ, ಕೇಡು ಅದಕ್ಕಿಂತ ದೊಡ್ಡದು ಎನ್ನುತ್ತದೆ. ನಂತರ ಅವತೀರ್ಣವಾದ ಅಲ್ ಮಾಇದ ಅಧ್ಯಾಯ ಪೂರ್ಣವಾಗಿ ನಿಷೇಧಿಸಿ, ಅದು ಜನರ ನಡುವೆ ಹಗೆ ಬಿತ್ತುತ್ತದೆ ಎಂಬ ಕಾರಣ ಕೊಡುತ್ತದೆ. ಬೊಕ್ಕಸಕ್ಕೆ ಆದಾಯ ಬರುತ್ತದಲ್ಲ, ಉದ್ಯೋಗ ಸಿಗುತ್ತದಲ್ಲ ಎಂಬ ಇಂದಿನ ವಾದಕ್ಕೆ ಹದಿನಾಲ್ಕು ಶತಮಾನಗಳ ಹಿಂದೆಯೇ ಉತ್ತರ ಬಂದಿದೆ.

ಪ್ರವಾದಿಯವರ(ಸ) ಇನ್ನೊಂದು ಬೋಧನೆ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಬಾ ಜೂಜಾಡೋಣ ಎಂದು ಗೆಳೆಯನನ್ನು ಕರೆದವನು, ಬರೀ ಕರೆದದ್ದಕ್ಕೇ, ಪ್ರಾಯಶ್ಚಿತ್ತವಾಗಿ ದಾನ ಮಾಡಬೇಕು ಎಂಬ ತಾತ್ಪರ್ಯದ್ದು. ಇಂದು ಗೆಳೆಯನಿಗೆ ಲಿಂಕ್ ಕಳಿಸಿ ಕರೆದರೆ ಕರೆದವನ ಖಾತೆಗೇ ಬೋನಸ್ ಬೀಳುತ್ತದೆ. ನಮ್ಮ ಮೊಹಲ್ಲಾಗಳ ವಾಟ್ಸಪ್ ಗುಂಪುಗಳಲ್ಲಿ ಆ ಲಿಂಕ್ ಬಂದಿಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲವರು ಎಷ್ಟು ಮಂದಿ?

ಬೆರಳನ್ನು ಸರ್ಕಾರದ ಕಡೆಗೇ ತೋರಿಸಿ ಕುಳಿತುಕೊಳ್ಳಲು ಇನ್ನೊಂದು ಕಾರಣಕ್ಕೂ ನಮಗೆ ನೈತಿಕ ಬಲ ಸಾಲದು. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿತು. ಅಂಗಡಿ ಮುಚ್ಚಿತು, ಆಸೆ ಮುಚ್ಚಲಿಲ್ಲ. ತಲಪಾಡಿ ದಾಟಿದರೆ ಕೇರಳದ ಲಾಟರಿ ಇದೆ. 1967ರಲ್ಲಿ ಅದನ್ನು ಸರ್ಕಾರದ್ದೇ ವ್ಯವಹಾರವಾಗಿ ಆರಂಭಿಸಿದ ಹಣಕಾಸು ಮಂತ್ರಿ ಪಿ.ಕೆ. ಕುಂಞ. ಹೆಸರು ನೋಡಿದರೆ ಹೆಚ್ಚು ವಿವರಿಸಬೇಕಿಲ್ಲ.

ಜುಮಾ ಖುತ್ಬಾಗಳಲ್ಲಿ ಮದ್ಯದ ಬಗ್ಗೆ, ಬಡ್ಡಿಯ ಬಗ್ಗೆ, ವರದಕ್ಷಿಣೆಯ ಬಗ್ಗೆ ಕೇಳಿದ್ದೇವೆ. ಹೊದಿಕೆಯೊಳಗಿನ ಈ ಆಟದ ಬಗ್ಗೆ ಹೆಸರು ಹಿಡಿದು, ಲೆಕ್ಕ ಬಿಡಿಸಿ ಹೇಳಿದ್ದನ್ನು ನಾವು ಕೇಳಿದ್ದು ಅಪರೂಪ. ಹರಾಮ್ ಎಂದಷ್ಟೇ ಹೇಳಿದರೆ ಹುಡುಗರು ತಲೆ ತಗ್ಗಿಸುತ್ತಾರೆ, ರಾತ್ರಿ ಮತ್ತೆ ಆಡುತ್ತಾರೆ. ಒಳಗೆ ಇಟ್ಟರೂ ಹೊರಗೆ ಇಟ್ಟರೂ ಸೋಲು ಎಂಬ ಮೇಲಿನ ಲೆಕ್ಕವನ್ನು ಖತೀಬರು ಮಿಂಬರಿನ ಮೇಲೆ ನಿಂತು ಹೇಳಲಿ ಎಂದರೆ ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ನಮಗೆ ಹಾಗೆ ಕಾಣುವುದಿಲ್ಲ.

ಮುಖ್ಯವಾದ ಪ್ರಶ್ನೆ ಸಾಲದ್ದು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ. ಪಾಪಕಾರ್ಯಕ್ಕಾಗಿ ಮಾಡಿದ ಸಾಲಕ್ಕೆ ಝಕಾತ್ ಇಲ್ಲ ಎಂದು ಶಾಫಿಈ ಫಿಕ್ಹ್ ಹೇಳುತ್ತದೆ. ಪಶ್ಚಾತ್ತಾಪಪಟ್ಟು ಮರಳಿದವನಿಗೆ ಕೊಡಬಹುದು ಎಂದೂ ಹೇಳುತ್ತದೆ. ನಮ್ಮ ಜಮಾಅತ್‌ಗಳು ಮೊದಲ ಮಾತನ್ನು ಹಿಡಿದು ಬಾಗಿಲು ಹಾಕಿಕೊಂಡಿವೆ. ಎರಡನೆಯ ಮಾತು, ರಮ್ಮಿ ತೀರ್ಪಿನ ಎರಡನೆಯ ಮಾತಿನಂತೆಯೇ, ಮರೆತುಹೋಗಿದೆ. ಇದರ ಫಲವೇನೆಂದರೆ ಸಿಕ್ಕಿಬಿದ್ದವನು ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಸಹಾಯವೂ ಇಲ್ಲ, ತಂಗಿಯ ಮದುವೆಯೂ ಆಗದು. ಹೀಗೆ ಬಾಯಿ ಬಿಡದೆಯೇ ಜೀವ ಕಳೆದುಕೊಂಡವರ ಸುದ್ದಿ ಎಲ್ಲ ಧರ್ಮದವರ ಮನೆಗಳಿಂದಲೂ ಬರುತ್ತಿದೆ.

ಮೇಲೆ ಹೇಳಿದ ಹುಡುಗ ಕಳೆದ ರಮಝಾನಿನಲ್ಲಿ ಒಂದು ಝಕಾತ್ ಕಮಿಟಿಗೆ ಅರ್ಜಿ ಬರೆದ. ಅರ್ಜಿಯಲ್ಲಿ ‘ಸಾಲದ ಕಾರಣ’ ಎಂಬ ಒಂದು ಸಾಲು ಇರುತ್ತದೆ. ಅದನ್ನು ಖಾಲಿ ಬಿಟ್ಟು ನಮ್ಮಲ್ಲಿಗೆ ತಂದ, ಏನು ಬರೆಯಲಿ ಎಂದು ಕೇಳಿದ. ಇದ್ದದ್ದನ್ನೇ ಬರೆ ಎಂದೆವು. “ಇದ್ದದ್ದನ್ನು ಬರೆದರೆ ಕೊಡುವುದಿಲ್ಲ, ಚಿಕಿತ್ಸೆ ಎಂದು ಬರೆದರೆ ಕೊಡುತ್ತಾರೆ” ಎಂದ. ಒಂದು ತಿಂಗಳಿನಿಂದ ಆತ ಆಡಿಲ್ಲ, ಮೊಬೈಲನ್ನು ಹೆಂಡತಿಯ ಕೈಯಲ್ಲಿ ಕೊಟ್ಟಿದ್ದಾನೆ. ನಾವು ಕಮಿಟಿಯ ಇಬ್ಬರು ಹಿರಿಯರೊಡನೆ ಮಾತನಾಡಿದೆವು. ಒಬ್ಬರು ಎದ್ದು ಹೋದರು. ಇನ್ನೊಬ್ಬರು ಬಹಳ ಹೊತ್ತು ಸುಮ್ಮನಿದ್ದು, “ನನ್ನ ತಮ್ಮನ ಮಗನದೂ ಇದೇ ಕತೆ” ಎಂದು, ಆ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.